ಮುರಿಗೆವ್ವನ ಹೆಸರಿನ ಬೋರ್ಡು

ಕಚೇರಿಯ ನೋಟೀಸು ಬಂದದ್ದು ಆಷಾಢದ ಮೊದಲ ವಾರ, ಮನೆಯವರೆಲ್ಲ ಊಟಕ್ಕೆ ಕೂತ ಹೊತ್ತಿನಲ್ಲಿ. ತಂದ ಜವಾನನಿಗೆ ಮೊದಲು ಊಟವಾಯಿತು. ಎರಡು ರೊಟ್ಟಿ, ಎಣ್ಣೆಗಾಯಿ, ಮೇಲೊಂದು ತಂಬಿಗೆ ಮಜ್ಜಿಗೆ. ಸುದ್ದಿ ಒಳ್ಳೆಯದಿರಲಿ ಕೆಟ್ಟದ್ದಿರಲಿ, ತಂದವನು ಹಸಿದು ಹೋಗಬಾರದು ಎಂಬುದು ಅಜ್ಜಿ ಮುರಿಗೆವ್ವನ ಕಾಯಿದೆ. ಆ ಮನೆಯಲ್ಲಿ ಸರಕಾರದ ಕಾಯಿದೆಗಿಂತ ಅದು ಹಳೆಯದು. ಉಂಡು ಕೈ ತೊಳೆದ ಮೇಲೆ ಅವನು ಸಂಕೋಚದಿಂದಲೇ ಕಾಗದ ತೆಗೆದು, ಇದು ಅಜ್ಜಿಯ ಹೆಸರಿಗೇ ಬಂದಿದೆ ಎಂದು ಹೇಳಿ, ಹೆಬ್ಬೆಟ್ಟು ಹಾಕಿಸಿಕೊಂಡು ಹೋದ.

ಓದುವ ಕೆಲಸ ಮೊಮ್ಮಗಳು ಸೃಷ್ಟಿಯ ಪಾಲಿಗೆ ಬಂತು. ಐದನೆಯ ಇಯತ್ತೆಯ ಹುಡುಗಿ, ಸರಕಾರಿ ಕನ್ನಡದ ಉದ್ದುದ್ದ ಶಬ್ದಗಳಲ್ಲಿ ಎರಡು ಮೂರು ಕಡೆ ಎಡವಿದಳು. ಕಡೆಗೆ ಅವಳಪ್ಪ ಮಾಲತೇಶ ಎಡಗೈಯಿಂದ ಕಾಗದ ಇಸಿದುಕೊಂಡು ತಾನೇ ಓದಿ, ಉಳಿದವರಿಗೆ ತಿಳಿಯುವಂತೆ ಹೇಳಿದ. ಹುಬ್ಬಳ್ಳಿ-ಧಾರವಾಡ ರಸ್ತೆಯ ಬದಿಯ ಹೊಲಗಳಲ್ಲಿ ಓಡುವ ಅಕ್ಷರದ ವಿದ್ಯುತ್ ಬೋರ್ಡುಗಳು ಹೆಚ್ಚಾಗಿವೆ. ಸಂಜೆ ಗಾಡಿ ಹೊಡೆಯುವವರ ಕಣ್ಣು ಕುಕ್ಕಿ ಇಬ್ಬರು ಮೂವರು ಬಿದ್ದಿದ್ದಾರೆ. ಅದಕ್ಕೇ ಹೊಸ ನಿಯಮ. ಬೇಸಾಯದ ಭೂಮಿಯಲ್ಲಿ ಇನ್ನು ಅಂಥ ಬೋರ್ಡು ಇರಕೂಡದು. ಇರಲೇಬೇಕೆಂದರೆ ಬೋರ್ಡೂ ಅಂಗಡಿಯೂ ನಿಂತ ಜಾಗವನ್ನು ಎನ್.ಎ. ಮಾಡಿಸಬೇಕು, ಅಂದರೆ ಬೇಸಾಯದ ಲೆಕ್ಕದಿಂದ ತೆಗೆಸಬೇಕು. ಮೂವತ್ತು ದಿನದೊಳಗೆ ಅರ್ಜಿ ಕೊಟ್ಟರೆ ತೀರ್ಮಾನವಾಗುವ ತನಕ ಬೋರ್ಡು ಉರಿಯಬಹುದು. ಅದೆಲ್ಲ ಬೇಡವೆಂದರೆ ತಮ್ಮ ಹೊಲದ ಮಾಲಿಗೆ ಬಣ್ಣದಲ್ಲಿ ಬರೆಸಿದ, ದೀಪವಿಲ್ಲದ, ಆರು ಫೂಟಿನ ತಗಡಿನ ಬೋರ್ಡು ಹಾಕಿಕೊಳ್ಳಬಹುದು. ಅದಕ್ಕೆ ಯಾರ ಪರವಾನಗಿಯೂ ಬೇಡ.

ಅರ್ಜಿ ಕೊಟ್ಟರಾಯಿತು, ಅದಕ್ಕೇನಂತೆ ಎಂದಳು ಸೊಸೆ ಭುವನೇಶ್ವರಿ. ಮಾಲತೇಶ ಕಾಗದ ಮಡಚಿದ. ಕೊನೆಯ ಸಾಲನ್ನು ಅವನು ಓದಿ ಹೇಳಿರಲಿಲ್ಲ. ಆದರೆ ಸೃಷ್ಟಿ ಆಗಲೇ ಅದನ್ನು ನೋಡಿಬಿಟ್ಟಿದ್ದಳು.

"ಹೊಲದ ಪಹಣಿ ಉತಾರದಾಗ ಹೆಸರಿದ್ದವರು ಎಲ್ಲಾರೂ ಸಹಿ ಮಾಡಬೇಕಂತ. ಹಂಗಾರ ಸೌಮ್ಯಾ ಅತ್ತೀನೂ ಬರಬೇಕಲ್ಲಪ್ಪಾ?"

ತಾಟಿನ ಮೇಲಿನ ಕೈಗಳು ಅಲ್ಲಲ್ಲೇ ನಿಂತವು. ಆ ಮನೆಯಲ್ಲಿ ನಾಲ್ಕು ವರ್ಷದಿಂದ ಊಟದ ಹೊತ್ತಿನಲ್ಲಿ ಆ ಹೆಸರನ್ನು ಯಾರೂ ಎತ್ತಿರಲಿಲ್ಲ.

ಆದದ್ದೂ ಊಟದ ಹೊತ್ತಿನಲ್ಲೇ. ಮುರಿಗೆವ್ವನ ಗಂಡ ಮಡಿವಾಳಪ್ಪ ತೀರಿಕೊಂಡ ಹನ್ನೊಂದನೆಯ ದಿನ, ಜಂಗಮರ ಊಟ ಮುಗಿದು ಮನೆಮಂದಿ ಪಂಕ್ತಿಗೆ ಕೂತಾಗ, ಮಾಲತೇಶ ತಂಗಿಯ ಮುಂದೆ ಒಂದು ಕಾಗದ ಹಿಡಿದಿದ್ದ. ಉಣಕಲ್ ದಾಟಿದ ಮೇಲಿನ ನಾಲ್ಕೆಕರೆ ಪೇರಲ ತೋಟದಲ್ಲಿ ತನಗೆ ಹಕ್ಕು ಬೇಡ ಎಂದು ಬರೆದುಕೊಡುವ ಕಾಗದ. ನೆಂಟರೆಲ್ಲ ಕೂಡಿದಾಗಲೇ ಮುಗಿಸಿಬಿಡು, ಸಾಕ್ಷಿಗೆ ಮಂದಿ ಸಿಗುತ್ತಾರೆ ಎಂದು ಯಾರೋ ಹಿರಿಯರು ಕಿವಿಯೂದಿದ್ದರು. ಅವನು ಹಿಂದೆ ಮುಂದೆ ನೋಡದೆ ತಂದುಬಿಟ್ಟಿದ್ದ. ಸೌಮ್ಯಾ ಕಾಗದ ನೋಡಿದಳು, ಅಣ್ಣನ ಮುಖ ನೋಡಿದಳು. ಅಪ್ಪ ಹೋಗಿ ಇನ್ನೂ ಹನ್ನೊಂದೇ ದಿನವಲ್ಲವೇನೋ ಎಂದಷ್ಟೇ ಹೇಳಿ, ಬಡಿಸಿದ ತಾಟು ಬಿಟ್ಟು ಎದ್ದು ಹೋದಳು. ಸಹಿ ಆಗಲಿಲ್ಲ. ಉತಾರದಲ್ಲಿ ತಾಯಿ, ಮಗ, ಮಗಳು ಮೂವರ ಹೆಸರೂ ಉಳಿದವು.

ಅಂದಿನಿಂದ ಆಕೆ ತವರಿನ ಹೊಸ್ತಿಲು ತುಳಿದಿಲ್ಲ. ದೂರವೇನೂ ಇಲ್ಲ. ಗಂಡ ವಿನೋದ ಲಕಮನಹಳ್ಳಿಯ ಕಾರಖಾನೆಯೊಂದರಲ್ಲಿ ಕೆಲಸಕ್ಕಿದ್ದಾನೆ, ಅಲ್ಲೇ ಬಾಡಿಗೆ ಮನೆ. ಸೌಮ್ಯಾ ಹುಬ್ಬಳ್ಳಿಯ ಪತ್ತಿನ ಸಂಘವೊಂದರಲ್ಲಿ ಗುಮಾಸ್ತಳು. ದಿನಕ್ಕೆರಡು ಸಲ ಬಸ್ಸಿನಲ್ಲಿ ತವರಿನ ತೋಟದ ಮುಂದೇ ಹಾದು ಹೋಗುತ್ತಾಳೆ. ಆದರೆ ನಮ್ಮ ಕಡೆ ಮದುವೆಯಾದ ಹೆಣ್ಣು ನಾಗರ ಪಂಚಮಿಗೆ ತವರಿಗೆ ಬರಬೇಕಾದರೆ ಅಣ್ಣನೋ ತಮ್ಮನೋ ಕರೆಯಲು ಹೋಗಬೇಕು. ಪಕ್ಕದ ಓಣಿಗೆ ಕೊಟ್ಟಿದ್ದರೂ ಹೋಗಬೇಕು. ನಾಲ್ಕು ಪಂಚಮಿ ಬಂದು ಹೋದವು, ಮಾಲತೇಶ ಹೋಗಲಿಲ್ಲ. ಎದ್ದು ಹೋದವಳು ತಾನೇ ಬರಲಿ ಎಂಬುದು ಅವನ ಮಾತು. ಅವಳಂತೂ ಬರುತ್ತೇನೆ ಎಂದೂ ಅನ್ನಲಿಲ್ಲ, ಬರುವುದಿಲ್ಲ ಎಂದೂ ಅನ್ನಲಿಲ್ಲ. ನಡುವೆ ಸಿಕ್ಕವಳು ಮುರಿಗೆವ್ವ. ಮಗಳು ತನ್ನ ಮನೆಯ ಪಡಸಾಲೆಯಲ್ಲಿ ಕಾಲು ಚಾಚಿ ಕೂತು ಒಂದು ತುತ್ತು ಉಣ್ಣುವುದನ್ನು ನೋಡಬೇಕು, ಅದೊಂದೇ ಆಕೆಯ ಆಸೆ. ಸಾಯುವುದರೊಳಗೆ ಎಂದು ಆಕೆ ಹೇಳುತ್ತಿರಲಿಲ್ಲ. ಈ ಪಂಚಮಿಗೆ ಎಂದೇ ಪ್ರತಿವರ್ಷ ಅಂದುಕೊಳ್ಳುತ್ತಿದ್ದಳು.

ಇನ್ನು ಬೋರ್ಡಿನ ಸಂಗತಿ. ರಸ್ತೆಯ ಅಂಚಿಗೆ ತಗಡಿನ ಚಪ್ಪರ ಹಾಕಿ ರೊಟ್ಟಿ ಕೇಂದ್ರ ತೆರೆದವಳು ಭುವನೇಶ್ವರಿ. ಹಗಲು ಪೇರಲ ಹಣ್ಣು, ಸಂಜೆ ರೊಟ್ಟಿ ಊಟ. ಮೊದಲ ವರ್ಷ ನೊಣ ಹೊಡೆದದ್ದೇ ಬಂತು. ಹೋದ ದಸರೆಗೆ ಹುಬ್ಬಳ್ಳಿಯ ಮಕಬೂಲಸಾಬನ ಕೈಲಿ ಎಂಟು ಫೂಟಿನ ಕರಿ ಬೋರ್ಡು ಮಾಡಿಸಿ ನಿಲ್ಲಿಸಿದಳು. ಕತ್ತಲಾಗುತ್ತಲೇ ಅದರಲ್ಲಿ ಕೆಂಪು ಅಕ್ಷರಗಳು ಒಂದರ ಬೆನ್ನಿಗೊಂದು ಓಡುತ್ತಿದ್ದವು. ಮುರಿಗೆವ್ವ ರೊಟ್ಟಿ ಕೇಂದ್ರ, ಖಡಕ್ ರೊಟ್ಟಿ, ಶೇಂಗಾ ಹಿಂಡಿ, ತೋಟದ ಪೇರಲ, ಬರ್ರಿ, ಕೂಡ್ರಿ, ಉಂಡು ಹೋಗ್ರಿ. ಅಲ್ಲಿಂದ ಭುವನೇಶ್ವರಿಗೆ ಉಸಿರಾಡಲು ಪುರಸೊತ್ತಿಲ್ಲ. ಇಬ್ಬರು ಹೆಂಗಸರನ್ನು ಕೂಲಿಗೆ ಇಟ್ಟುಕೊಂಡರೂ ಸಾಲದಷ್ಟು ಗಿರಾಕಿ.

ಈ ಬೋರ್ಡನ್ನು ಕಂಡರೆ ಮುರಿಗೆವ್ವನಿಗೆ ಆಗುತ್ತಿರಲಿಲ್ಲ. ದೀಪಕ್ಕೆ ಹುಳ ಮುತ್ತಿ ಹಿಟ್ಟಿನ ಪರಾತಕ್ಕೆ ಬೀಳುತ್ತವೆ, ಪೇರಲ ಗಿಡದಲ್ಲಿ ಕೂತ ಹಕ್ಕಿಗಳಿಗೆ ನಿದ್ದೆಯಿಲ್ಲ, ಹೊಲ ಅಂದರೆ ಹೊಲದ ಹಾಗಿರಬೇಕು, ಇದೇನು ಟೂರಿಂಗ್ ಟಾಕೀಸೇ ಎಂದು ಹತ್ತು ತಿಂಗಳಿಂದ ಗೊಣಗಿದ್ದಳು. ಸತ್ತವರ ಹೆಸರನ್ನು ಕಲ್ಲಿನಲ್ಲಿ ಕೆತ್ತಿಸುತ್ತಾರೆ, ಬದುಕಿದವಳ ಹೆಸರನ್ನು ಹೀಗೆ ಓಡಿಸುವುದನ್ನು ಎಲ್ಲೂ ಕಂಡಿಲ್ಲ ಎಂದೂ ಅಂದಿದ್ದಳು.

ಅಂಥವಳು ಆ ಮಧ್ಯಾಹ್ನ ಮಜ್ಜಿಗೆಯ ಬಟ್ಟಲು ಕೆಳಗಿಟ್ಟು ಹೇಳಿದಳು, "ಬೋರ್ಡು ಇರಬೇಕು. ನನ್ನ ಹೆಸರೈತಿ ಅದರಾಗ. ತಗೀಬ್ಯಾಡ್ರಿ."

ಮಗ ಸೊಸೆ ಇಬ್ಬರೂ ಆಕೆಯ ಮುಖ ನೋಡಿದರು. ಅತ್ತೆ ತನ್ನ ಪರ ನಿಂತದ್ದು ಭುವನೇಶ್ವರಿಗೆ ಮದುವೆಯಾದ ಮೇಲೆ ಇದೇ ಮೊದಲು. ಆ ಸಂಜೆ ಅವಳು ಅತ್ತೆಗೆ ಕೇಳದೆಯೇ ಚಹಾಕ್ಕೆ ಹಸಿ ಶುಂಠಿ ಹಾಕಿಕೊಟ್ಟಳು.

ಮುಂದಿನ ವಾರವೆಲ್ಲ ಮುರಿಗೆವ್ವ ಬೋರ್ಡಿನ ವಕೀಲೆಯಾದಳು. ಧೂಳು ಕೂತಿದೆ ಎಂದು ಸೃಷ್ಟಿಯನ್ನು ಸ್ಟೂಲಿನ ಮೇಲೆ ಹತ್ತಿಸಿ ಒರೆಸಿದಳು. ಲೈಟು ಹೋದರೆ ಯಾವಾಗ ಬರುತ್ತದೆ ಎಂದು ಕೇಳಿದಳು. ಕಚೇರಿಯ ಕೆಲಸ ಬಲ್ಲ ಮಠದ ಶಾಂತಯ್ಯನನ್ನು ಕರೆಸಿ ರೊಟ್ಟಿ ತಿನ್ನಿಸಿ, ಒಬ್ಬರ ಸಹಿ ಇಲ್ಲದಿದ್ದರೆ ನಡೆಯುವುದಿಲ್ಲವೇ ಎಂದು ಮಗನ ಮುಂದೆಯೇ ವಿಚಾರಿಸಿದಳು. ನಡೆಯುವುದಿಲ್ಲ, ಬ್ರಹ್ಮ ಬಂದು ಹೇಳಿದರೂ ಮೂರು ಸಹಿ ಬೇಕು ಎಂದ ಶಾಂತಯ್ಯ. ಮುರಿಗೆವ್ವ ಅವನಿಗೆ ಇನ್ನೊಂದು ರೊಟ್ಟಿ ಹಾಕಿದಳು.

ಭುವನೇಶ್ವರಿ ರಾತ್ರಿಯೂಟ ಬಡಿಸುತ್ತ ಗಂಡನಿಗೆ ಅದನ್ನೇ ಮತ್ತೆ ಮತ್ತೆ ಹೇಳಿದಳು. ಹೋಗಿ ಕರೆದು ಬಂದರೆ ಎಲ್ಲವೂ ಮುಗಿಯುತ್ತದೆ, ಹಾವೂ ಸಾಯುತ್ತದೆ, ಕೋಲೂ ಮುರಿಯುವುದಿಲ್ಲ. ಮಾಲತೇಶ ಹೋಗಲಿಲ್ಲ. ಶನಿವಾರ ಒಪ್ಪಿಗೆಯ ಕಾಗದ ಟೈಪು ಮಾಡಿಸಿಕೊಂಡು ಬಂದ. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ತಾಯಿಯ ಹಾಸಿಗೆಯ ಹತ್ತಿರ ಇಟ್ಟ.

"ನಾಳೆ ಐತವಾರ. ಮಠಕ್ಕ ಹೋಗ್ತಿಯಲ್ಲವ್ವಾ, ಇದನ್ನೂ ಒಯ್ಯಿ."

ತಿಂಗಳಿಗೊಂದು ಐತವಾರ ಮುರಿಗೆವ್ವ ಧಾರವಾಡದ ಮಠಕ್ಕೆಂದು ಹೋಗಿ ಲಕಮನಹಳ್ಳಿಯಲ್ಲಿ ಇಳಿಯುತ್ತಿದ್ದುದು ಮನೆಯವರಿಗೆಲ್ಲ ಗೊತ್ತಿದ್ದ ಗುಟ್ಟು. ಚೀಲದಲ್ಲಿ ಪೇರಲ, ಹಿಂಡಿಯ ಪುಡಿ ಎಲ್ಲ ಭುವನೇಶ್ವರಿಯೇ ತುಂಬುತ್ತಿದ್ದಳು. ಮಠದ ಸ್ವಾಮಿಗಳಿಗೆ ಹಿಂಡಿ ಬಹಳ ಸೇರುತ್ತದೆ ಎಂದು ನಗುತ್ತಿದ್ದಳು.

ಸೌಮ್ಯಾಳ ಮನೆ ಎರಡು ಕೋಣೆಯದು. ವಿನೋದ ಮೊದಲ ಪಾಳಿಗೆ ಹೋಗಿದ್ದ. ಅವಳು ತಾಯಿಗೆ ಚುರುಮುರಿ ಸುಸಲಾ ಮಾಡಿ ಕೊಟ್ಟು, ಎದುರಿಗೆ ಮೊರ ಇಟ್ಟುಕೊಂಡು ಅಕ್ಕಿ ಹಸನು ಮಾಡುತ್ತ ಕೂತಳು. ಈ ವರ್ಷ ಕಾಯಿ ಹೇಗಿದೆ, ಬಾವಿಯ ನೀರು ಎಷ್ಟು ಬಂದಿದೆ, ಬಿಳಿ ಆಕಳು ಕರು ಹಾಕಿತೇ ಎಂದು ಒಂದೊಂದಾಗಿ ಕೇಳಿದಳು. ಮನೆಯ ದನಕರುವನ್ನೆಲ್ಲ ಕೇಳುತ್ತಿದ್ದಳು, ಅಣ್ಣನನ್ನು ಮಾತ್ರ ಕೇಳುತ್ತಿರಲಿಲ್ಲ. ಅಣ್ಣನ ಸುದ್ದಿಯನ್ನು ಮುರಿಗೆವ್ವ ಬಾವಿಯ ನೀರಿನ ಜೊತೆ ಸೇರಿಸಿ ಹೇಳುತ್ತಿದ್ದಳು.

"ದಿನಾ ಸಂಜಿಕೆ ನಿನ್ನ ಹೆಸರು ಓದಿ ಮುಂದ ಹೋಗ್ತೇನಿ ಅವ್ವಾ," ಎಂದಳು ಸೌಮ್ಯಾ. "ಬಸ್ಸಿನ್ಯಾಗ ಬಲಕ್ಕ ಖಿಡಕಿ ಸಿಗಲಿಲ್ಲಂದ್ರ ನಿಂತ ನೋಡ್ತೇನಿ. ಹೆಸರು ಓಡಾಕತ್ತಿದ್ರ, ಅವ್ವ ಆರಾಮ ಅದಾಳ ಅಂತ ಸಮಾಧಾನ. ಎಲ್ಲಾರ್ನೂ ಬರ್ರಿ ಬರ್ರಿ ಅಂತೈತಿ ನಿಮ್ಮ ಬೋರ್ಡು."

ನಗುತ್ತಲೇ ಹೇಳಿದಳು. ಮುರಿಗೆವ್ವ ಸುಸಲಾದ ತಾಟು ಪಕ್ಕಕ್ಕೆ ಸರಿಸಿದಳು.

ಹೊಸ ನಿಯಮದ ಸುದ್ದಿ ಪತ್ತಿನ ಸಂಘಕ್ಕೂ ಬಂದಿತ್ತು. ತನ್ನ ಸಹಿ ಬೇಕಾಗುತ್ತದೆ ಎಂಬುದು ಸೌಮ್ಯಾಳಿಗೆ ತಿಳಿದಿತ್ತು. ಅವಳೇ ಮಾತು ತೆಗೆದು, ಕಾಗದ ತಂದಿದ್ದರೆ ಕೊಡು, ಇಲ್ಲೇ ಮಾಡಿಕೊಡುತ್ತೇನೆ, ವೈನಿ ಪಾಪ ಇಷ್ಟು ದುಡಿದು ಕಟ್ಟಿದ ಅಂಗಡಿ ಎಂದಳು. ಪೆನ್ನು ತರಲು ಎದ್ದೂಬಿಟ್ಟಳು.

ಮುರಿಗೆವ್ವನ ಕೈ ಚೀಲದ ಮೇಲಿತ್ತು. ಪೇರಲ ಹಣ್ಣಿನ ಕೆಳಗೆ ಪ್ಲಾಸ್ಟಿಕ್ಕು ಬೆರಳಿಗೆ ಹತ್ತುತ್ತಿತ್ತು. ಇಲ್ಲಿ ಸಹಿಯಾದರೆ ಅರ್ಜಿ ಹೋಗುತ್ತದೆ, ಬೋರ್ಡು ಉರಿಯುತ್ತದೆ, ಸೊಸೆಗೆ ಸಂತೋಷ. ಮಾಲತೇಶ ಮನೆಯಲ್ಲೇ ಇರುತ್ತಾನೆ. ಇವಳು ಮತ್ತೆ ಬಸ್ಸಿನಲ್ಲಿ ನಿಂತು ತಾಯಿಯ ಹೆಸರು ಓದುತ್ತಾಳೆ. ಇನ್ನೊಮ್ಮೆ ಇವಳನ್ನು ಕರೆಯಲು ಹೋಗುವಂಥ ಕಾರಣ ಆ ಮನೆಯಲ್ಲಿ ಯಾವಾಗ ಹುಟ್ಟೀತು?

"ಕಾಗದ ತಂದಿಲ್ಲವ್ವಾ," ಎಂದಳು.

ಸಂಜೆ ಮನೆಗೆ ಬಂದವಳು ಕಾಲು ತೊಳೆದು, ಮಗ ಉಣ್ಣಲು ಕೂಡುವ ತನಕ ಕಾದು, ಬಸ್ಸಿನಲ್ಲಿ ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತನ್ನು ಆಡಿದಳು.

"ಅಣ್ಣ ಕರಿಯಾಕ ಬಂದ್ರ, ಮನಿಗೆ ಬಂದು ಸಹಿ ಮಾಡ್ತೇನಿ ಅಂದ್ಲು."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಎಪ್ಪತ್ತು ವರ್ಷದಲ್ಲಿ ಮುರಿಗೆವ್ವ ಸುಳ್ಳು ಹೇಳಿಯೇ ಇರಲಿಲ್ಲವೆಂದಲ್ಲ. ಹಾಲಿನ ಅಳತೆಯಲ್ಲಿ, ಉಡುಗೊರೆಯ ಸೀರೆಯಲ್ಲಿ, ಅಡಿಗೆ ರುಚಿಯಾಗಿದೆ ಎಂಬಲ್ಲಿ ಎಲ್ಲರಂತೆ ಹೇಳಿದ್ದಳು. ಒಬ್ಬರ ಬಾಯಿಯ ಮಾತನ್ನು ತಾನೇ ಹುಟ್ಟಿಸಿ ಇನ್ನೊಬ್ಬರಿಗೆ ಒಪ್ಪಿಸಿದ್ದು ಇದೇ ಮೊದಲು. ಮಗ ಒಂದಿಷ್ಟು ಹಾರಾಡಿ ಕಡೆಗೆ ಗಾಡಿ ಹತ್ತುತ್ತಾನೆ ಎಂದು ಆಕೆ ಲೆಕ್ಕ ಹಾಕಿದ್ದಳು.

ಮಾಲತೇಶ ಹಾರಾಡಲಿಲ್ಲ. ಕೈಯಲ್ಲಿನ ರೊಟ್ಟಿ ಕೆಳಗಿಟ್ಟ. ಭುವನೇಶ್ವರಿ ಖುಷಿಯಿಂದ, ನಾಳೆಯೇ ಹೋಗಿ ಬರ್ರಿ ಎಂದಳು. ಆಗ ಅವನು ತಾಯಿಯ ಕಡೆ ತಿರುಗಿದ.

"ನಾ ಹೋಗೂದಿಲ್ಲವ್ವಾ. ಅಪ್ಪನ ಹನ್ನೊಂದನೇ ದಿನಾ ಒಮ್ಮೆ ಆಕಿ ಮುಂದ ಕಾಗದಾ ಹಿಡದ ಹೊಲಸ ತಿಂದೇನಿ. ಈಗ ಮತ್ತ ಸಹಿ ಬೇಕಾತು, ಮತ್ತ ತಂಗಿ ನೆನಪಾದ್ಲು ಅಂತ ಯಾವ ಮಾರಿಲೆ ಹೋಗ್ಲಿ? ನಾಲ್ಕ ಪಂಚಮಿಗೆ ಹೋಗಲಾರದಾಂವ ಬೋರ್ಡಿಗೆ ಹೋಗಬೇಕೇನು?"

ಮಗ ಸೊಕ್ಕಿನಿಂದ ಹೋಗುತ್ತಿಲ್ಲ ಎಂದು ಮುರಿಗೆವ್ವ ನಾಲ್ಕು ವರ್ಷ ನಂಬಿದ್ದಳು. ಅವನಿಗೆ ನಾಚಿಕೆಯಾಗಿತ್ತು ಎಂಬುದು ಆಕೆಗೆ ಈ ಹೊತ್ತಿನ ತನಕ ತಿಳಿದಿರಲಿಲ್ಲ. ಸಹಿಯ ನೆವದಿಂದ ಅಣ್ಣ ತಂಗಿಯರನ್ನು ಕೂಡಿಸಲು ಹೊರಟವಳು, ಆ ನೆವವನ್ನೇ ಬಾಗಿಲಿಗೆ ಅಡ್ಡ ಹಾಕಿ ಕೂತಿದ್ದಳು. ನಿಜ ಹೇಳಿಬಿಡಲು ಬಾಯಿ ತೆರೆದಳು. ಆದರೆ ನಿಜ ಹೇಳಿದರೆ ಮಗ ನಾಳೆ ಕಾಗದವನ್ನು ಅಂಚೆಯಲ್ಲೋ ಶಾಂತಯ್ಯನ ಕೈಯಲ್ಲೋ ಕಳಿಸಿ ಸಹಿ ತರಿಸುತ್ತಾನೆ; ಮಗಳು ಅಲ್ಲೇ ಉಳಿಯುತ್ತಾಳೆ. ಬಾಯಿ ಮುಚ್ಚಿಕೊಂಡಳು. ಕಾಗದ ಆಕೆಯ ಟ್ರಂಕಿನಲ್ಲಿ, ಇಳಕಲ್ ಸೀರೆಯ ಮಡಿಕೆಯಲ್ಲಿ ಸೇರಿತು.

ಮೂರನೆಯ ವಾರ ಆ ಮನೆಯಲ್ಲಿ ಗಂಡಹೆಂಡಿರ ನಡುವೆ ಮಾತು ಕಡಿಮೆಯಾಯಿತು. ಎತ್ತು ಏರಿಗೆ, ಕೋಣ ನೀರಿಗೆ. ಭುವನೇಶ್ವರಿ ಬೋರ್ಡು ಬಿಡಲಾರಳು, ಮಾಲತೇಶ ಹೋಗಲಾರ. ನಿಮ್ಮ ಮನೆಯ ಮಾನ ಉಳಿಸಲು ನನ್ನ ಅಂಗಡಿ ಮುಚ್ಚಬೇಕೇ ಎಂದು ಅವಳು ಕೇಳಿದಳು. ಬಣ್ಣದ ಬೋರ್ಡು ಹಾಕಿದರೆ ಅಂಗಡಿಯೇನು ಮುಚ್ಚುವುದಿಲ್ಲ ಎಂದು ಅವನು ಹೇಳಿದ. ಕತ್ತಲಲ್ಲಿ ಬಣ್ಣ ಯಾರಿಗೆ ಕಾಣುತ್ತದೆ ಎಂದು ಅವಳು ಕೇಳಿದರೆ ಎದ್ದು ತೋಟಕ್ಕೆ ನಡೆದ.

ಅದೇ ವಾರ ಅಣ್ಣಿಗೇರಿಯಿಂದ ಭುವನೇಶ್ವರಿಯ ಅಣ್ಣ ಉಳವಪ್ಪ ಅವಳನ್ನು ಪಂಚಮಿಗೆ ಕರೆಯಲು ಬಂದ. ವರ್ಷವರ್ಷ ತಪ್ಪದೆ ಬರುವವನು. ಕೊಬ್ಬರಿ, ಬೆಲ್ಲ, ಸೃಷ್ಟಿಗೊಂದು ಲಂಗ ತಂದಿದ್ದ. ಭುವನೇಶ್ವರಿ ಅವನಿಗೆ ಹೊಟ್ಟೆ ತುಂಬ ಊಟ ಹಾಕಿ, ಈ ಸಲ ಬರುವುದಿಲ್ಲ ಎಂದಳು. ಪಂಚಮಿಗೆ ಎರಡು ದಿನ ಮುಂಚಿನ ರೊಟ್ಟಿ ಪಂಚಮಿಗೆಂದು ಹುಬ್ಬಳ್ಳಿಯವರು ನೂರು ಇನ್ನೂರರಂತೆ ಖಡಕ್ ರೊಟ್ಟಿ ಹೇಳಿದ್ದಾರೆ, ಬೋರ್ಡು ಇರುವುದು ಇನ್ನೆಷ್ಟು ದಿನವೋ, ಇದ್ದಾಗಲೇ ದುಡಿಯಬೇಕು. ಉಳವಪ್ಪ ಮುಖ ಸಣ್ಣದು ಮಾಡಿಕೊಂಡು ಮೂರು ಗಂಟೆಯ ಬಸ್ಸಿಗೆ ಹೋದ.

ಮುರಿಗೆವ್ವ ಒಲೆಯ ಮುಂದೆ ಬಂದು ನಿಂತಳು.

"ಕರಿಯಾಕ ಬಂದ ಅಣ್ಣನ್ನ ಬರಿಗೈಲೆ ಕಳಸಿದಿ. ಛಲೋ ಮಾಡಲಿಲ್ಲ ನೀನು."

"ನೀವು ಹೇಳಬ್ಯಾಡ್ರಿ ಅತ್ತಿ," ಎಂದಳು ಭುವನೇಶ್ವರಿ, ಕೈಯಲ್ಲಿನ ಹಿಟ್ಟು ಬಡಿಯುತ್ತಲೇ. "ನನಗೇನ ಹೋಗೂ ಆಸೆ ಇಲ್ಲಂತ ತಿಳದೀರೇನು? ನನಗೂ ಅವ್ವ ಅದಾಳ್ರಿ."

ಬಡಿಯುವ ಸದ್ದು ನಿಲ್ಲಲಿಲ್ಲ; ಕಣ್ಣೀರು ಹಿಟ್ಟಿಗೆ ಬೀಳದಂತೆ ಭುಜಕ್ಕೆ ಒರೆಸಿಕೊಂಡಳು. ಮುರಿಗೆವ್ವ ಪಕ್ಕದಲ್ಲಿ ಕೂತು ರೊಟ್ಟಿ ಬೇಯಿಸಿ ಕೊಡತೊಡಗಿದಳು. ಟ್ರಂಕಿನ ಕಾಗದ ಆಕೆಯ ಮನಸ್ಸಿನಿಂದ ಸರಿಯಲಿಲ್ಲ. ತನ್ನ ಮಗಳಿಗಾಗಿ ಇನ್ನೊಬ್ಬರ ಮಗಳ ಅನ್ನಕ್ಕೆ ಕಲ್ಲು ಹಾಕುತ್ತಿದ್ದೇನೆ ಎಂಬುದು ಗೊತ್ತಿತ್ತು. ಗೊತ್ತಿದ್ದೂ ಎರಡು ದಿನ, ಮೂರು ದಿನ, ಎಂಟು ದಿನ ಕಳೆದಳು.

ಮೂವತ್ತನೆಯ ದಿನ ಶ್ರಾವಣ ಹತ್ತಲು ಒಂದೇ ದಿನ ಉಳಿದಿತ್ತು. ಬೆಳಿಗ್ಗೆ ಮಾಲತೇಶ ತಗಡಿಗೆ ಹಳದಿ ಬಣ್ಣ ಬಳಿಸಿ ಒಣಗಲು ಇಟ್ಟ. ಸಂಜೆ ಮಕಬೂಲಸಾಬ ಬಂದು ವಾಯರು ಬಿಚ್ಚಿದ. ಇಂಥ ಬೋರ್ಡು ಈ ವಾರದಲ್ಲಿ ಇದು ಏಳನೆಯದು, ಕಟ್ಟಿದ ಕೈಯಿಂದಲೇ ಬಿಚ್ಚುವ ಕೆಲಸ ಬಂತು ಎಂದು ಪೇಚಾಡಿದ. ಬೋರ್ಡನ್ನು ನಾಳೆ ಟೆಂಪೋ ತಂದು ಒಯ್ಯುತ್ತೇನೆ ಎಂದು ಹೇಳಿ ಹೋದ. ಕತ್ತಲಾಯಿತು. ಹತ್ತು ತಿಂಗಳಲ್ಲಿ ಮೊದಲ ಸಲ ತೋಟದ ಮುಂದಿನ ರಸ್ತೆ ಕಪ್ಪಗೆ ಉಳಿಯಿತು. ಇಬ್ಬರು ಗಿರಾಕಿ ಬಂದು, ಅಂಗಡಿ ಇಲ್ಲವೇನೋ ಎಂದುಕೊಂಡು ಮುಂದೆ ಹೋಗಿ ತಿರುಗಿ ಬಂದರು. ಭುವನೇಶ್ವರಿ ಕಂದೀಲು ಹಚ್ಚಿ ಚಪ್ಪರಕ್ಕೆ ತೂಗುಹಾಕಿದಳು.

ಮನೆಯವರು ಪಡಸಾಲೆಯಲ್ಲಿದ್ದರು. ಅಂಗಳದಲ್ಲಿ ಯಾರೋ ಓಡಿ ಬಂದ ಸಪ್ಪಳವಾಯಿತು. ಸೌಮ್ಯಾ. ಹೆಗಲಲ್ಲಿ ಆಫೀಸಿನ ಚೀಲ, ಕಾಲಲ್ಲಿ ಒಂದೇ ಚಪ್ಪಲಿ. ಇನ್ನೊಂದು ಕೆಸರಿನಲ್ಲಿ ಹೂತು ಉಳಿದಿತ್ತು. ಕಟ್ಟೆಯ ಮೇಲೆ ಮಾಲತೇಶ ನಿಂತದ್ದು ಅವಳಿಗೆ ಕಾಣಲೇ ಇಲ್ಲ.

"ಅವ್ವಾ? ಅವ್ವ ಎಲ್ಲಿ? ಬೋರ್ಡು ಆರೇತಿ, ಅವ್ವನ ಹೆಸರು ಕಾಣಲಿಲ್ಲ, ಏನರೆ ಆತೇನು ಆಕಿಗೆ?"

ಮುರಿಗೆವ್ವ ಬಾಗಿಲಿಗೆ ಬಂದಳು. ತಾಯಿ ಕಾಲ ಮೇಲೆ ನಿಂತಿರುವುದನ್ನು ಕಂಡು ಸೌಮ್ಯಾ ಅಂಗಳದ ಕಲ್ಲಿನ ಮೇಲೆ ಕುಕ್ಕರಿಸಿಬಿಟ್ಟಳು. ಉಸಿರು ಹತ್ತಿತ್ತು. ಸೃಷ್ಟಿ ನೀರು ತಂದುಕೊಟ್ಟಳು. ಕುಡಿದು ಸುಧಾರಿಸಿಕೊಂಡ ಮೇಲೆಯೇ ಅವಳಿಗೆ ತಾನು ಎಲ್ಲಿ ಬಂದು ಕೂತಿದ್ದೇನೆ ಎಂಬ ಅರಿವಾದದ್ದು. ಎದ್ದು ಸೀರೆ ಸರಿಮಾಡಿಕೊಂಡಳು. ಮಾಲತೇಶ ನೆಲ ನೋಡುತ್ತ, ಇಂದಿಗೆ ಅವಧಿ ಮುಗಿಯಿತು, ಅದಕ್ಕೇ ಆರಿಸಿದ್ದು ಎಂದ. ನಿನಗೆ ತೊಂದರೆ ಕೊಡುವುದು ಬೇಡವೆಂದು ಎಂದೂ ಸೇರಿಸಿದ.

ತೊಂದರೆ ಎಂಥದು, ಅಂದೇ ಸಹಿ ಮಾಡುತ್ತೇನೆ ಎಂದು ಹೇಳಿದ್ದೆನಲ್ಲ, ಅವ್ವ ಕಾಗದವನ್ನೇ ತಂದಿರಲಿಲ್ಲ ಎಂದಳು ಸೌಮ್ಯಾ.

ಮಾಲತೇಶ ತಲೆಯೆತ್ತಿ ತಾಯಿಯನ್ನು ನೋಡಿದ. ಭುವನೇಶ್ವರಿಯೂ ನೋಡಿದಳು. ಮುರಿಗೆವ್ವ ಒಳಗೆ ಹೋಗಿ, ಟ್ರಂಕು ತೆರೆದು, ಪ್ಲಾಸ್ಟಿಕ್ ಚೀಲ ತಂದು ಸೊಸೆಯ ಕೈಗೆ ಕೊಟ್ಟಳು.

"ಅಣ್ಣ ಕರಿಯಾಕ ಬಂದ್ರ ಅಂತ ಆಕಿ ಅನ್ನಲಿಲ್ಲ. ನಾನಽ ಅಂದೆ. ಸಹಿ ಆದ್ರ ಆಕಿ ಬರೂದು ತಪ್ಪತೈತಿ ಅಂತ ಅಂಜಿದೆ. ನಿನ್ನ ಅಂಗಡಿ ನಾನಽ ಮುಚ್ಚಿಸಿದೆ ಭುವನಾ. ಬೈಯೂದಿದ್ರ ನನಗ ಬೈಯಿ, ಆಕಿಗೆ ಏನೂ ಅನಬ್ಯಾಡ್ರಿ."

ಭುವನೇಶ್ವರಿ ಆ ಕಾಗದವನ್ನು ಬಿಚ್ಚಿ ನೋಡಿದಳು. ಕಚೇರಿಯ ಬಾಗಿಲು ಹಾಕಿ ಒಂದೂವರೆ ತಾಸಾಗಿತ್ತು. ಬೈಯಲು ಬೇಕಾದಷ್ಟು ಮಾತು ಇದ್ದವು. ಆದರೆ ಎದುರಿಗೆ ನಾದಿನಿ ಕೆಸರುಗಾಲಿನಲ್ಲಿ ನಿಂತಿದ್ದಳು. ಭುವನೇಶ್ವರಿ ಕಾಗದ ಮಡಚಿ ಕಿಟಕಿಯಲ್ಲಿಟ್ಟು ಒಳಗೆ ಹೋದಳು.

ಸೌಮ್ಯಾ ತಾಯಿಯ ಹತ್ತಿರ ಬಂದಳು. ಹೊಸ್ತಿಲ ಈಚೆಯೇ ನಿಂತಿದ್ದಳು, ತಾಯಿ ಆಚೆ.

"ಸುಳ್ಳ ಹೇಳಿಲ್ಲವ್ವಾ ನೀನು. ನಾಲ್ಕ ವರ್ಷದಿಂದ ನನಗ ಹಂಗಽ ಅನ್ನಬೇಕಾಗಿತ್ತು. ಬಾಯಿಗೆ ಬರಲಿಲ್ಲ."

ಅದನ್ನು ತಾಯಿಗೆ ಹೇಳಿದಳೋ ಅಣ್ಣನಿಗೆ ಹೇಳಿದಳೋ. ಅಣ್ಣನ ಕಡೆಗಂತೂ ನೋಡಲಿಲ್ಲ. ಒಳಗೆ ಬಾ, ಒಂದು ತುತ್ತು ಉಂಡು ಹೋಗು ಎಂದು ಮುರಿಗೆವ್ವ ಕೈ ಹಿಡಿದಳು. ಸೌಮ್ಯಾ ಮೆಲ್ಲಗೆ ಕೈ ಬಿಡಿಸಿಕೊಂಡು, ಮನೆಯಲ್ಲಿ ಅವರು ದಾರಿ ಕಾಯುತ್ತಿರುತ್ತಾರೆ ಎಂದು ಹೇಳಿ, ಸೃಷ್ಟಿಯ ಸಣ್ಣ ಚಪ್ಪಲಿಯಲ್ಲಿ ಕಾಲು ತುರುಕಿಕೊಂಡು ಹೊರಟಳು. ಮಾಲತೇಶ ಬ್ಯಾಟರಿ ಹಿಡಿದು ಬಸ್ ನಿಲ್ಲುವ ಜಾಗದ ತನಕ ಹಿಂದೆ ಹಿಂದೆ ನಡೆದ. ಇಬ್ಬರ ನಡುವೆ ಹತ್ತು ಮಾರು ದೂರವಿತ್ತು. ಏನು ಮಾತಾಡಿದಿರಿ ಎಂದು ಬಂದ ಮೇಲೆ ಹೆಂಡತಿ ಕೇಳಿದರೆ, ಏನಿಲ್ಲ, ಬಸ್ಸು ಲಗೂ ಬಂತು ಎಂದ.

ಮರುದಿನ ಟೆಂಪೋ ಬಂದು ಬೋರ್ಡು ಒಯ್ಯಿತು. ಶಾಂತಯ್ಯನನ್ನು ಕೇಳಿದರೆ, ಇನ್ನು ಹೊಸದಾಗಿ ಅರ್ಜಿ ಹಾಕಿ ಎನ್.ಎ. ಆಗಿ ಬರಲು ಒಂದು ವರ್ಷವಾದರೂ ಬೇಕು, ಅಲ್ಲಿಯವರೆಗೆ ತಗಡೇ ಗತಿ ಎಂದ. ಹಳದಿ ತಗಡಿನ ಮೇಲೆ ನೀಲಿ ಅಕ್ಷರ ಹಗಲಿಗೆ ಚೆನ್ನಾಗಿಯೇ ಕಾಣುತ್ತಿತ್ತು. ಸಂಜೆಯ ಗಿರಾಕಿ ಅರ್ಧಕ್ಕಿಳಿದರು. ಕೂಲಿಯ ಹೆಂಗಸರಲ್ಲಿ ಒಬ್ಬಳನ್ನು ಹಬ್ಬ ಮುಗಿದ ಮೇಲೆ ಬಿಡಿಸಬೇಕಾಗುತ್ತದೆ ಎಂದು ಭುವನೇಶ್ವರಿ ಗೋಡೆಗೆ ಹೇಳಿದಂತೆ ಹೇಳಿದಳು. ಅತ್ತೆಯ ಜೊತೆ ಅವಳ ಮಾತು ಉಪ್ಪು, ಎಣ್ಣೆ, ಕಟ್ಟಿಗೆಯಷ್ಟಕ್ಕೇ ನಿಂತಿತ್ತು. ಮುರಿಗೆವ್ವ ಹೇಳಿದ್ದನ್ನೆಲ್ಲ ತಲೆ ತಗ್ಗಿಸಿ ಮಾಡುತ್ತಿದ್ದಳು.

ರೊಟ್ಟಿ ಪಂಚಮಿಯ ದಿನ ಬೆಳಿಗ್ಗೆ ಮಾಲತೇಶ ಜಳಕ ಮಾಡಿ, ಪೂಜೆ ಮುಗಿಸಿ, ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡ. ಎಲ್ಲಿಗೆ ಎಂದು ಹೇಳಲಿಲ್ಲ. ಗೊಬ್ಬರದ ಅಂಗಡಿಯಲ್ಲಿ ಸ್ವಲ್ಪ ಕೆಲಸವಿದೆ ಎಂದಷ್ಟೇ ಗೊಣಗಿದ. ಹಬ್ಬದ ದಿನ ಯಾವ ಗೊಬ್ಬರದ ಅಂಗಡಿ ತೆರೆದಿರುತ್ತದೆ ಎಂದು ಕೇಳಲು ಸೃಷ್ಟಿ ಬಾಯಿ ತೆರೆದಳು. ಭುವನೇಶ್ವರಿ ಅವಳ ಬಾಯಿಗೆ ಎಳ್ಳುಂಡಿ ತುರುಕಿದಳು. ಗಾಡಿ ಧಾರವಾಡದ ಕಡೆ ತಿರುಗಿತು.

ಹತ್ತು ಗಂಟೆಯಾಯಿತು, ಹನ್ನೊಂದಾಯಿತು. ಪಕ್ಕದ ತೋಟದವರು ರೊಟ್ಟಿ ಪಲ್ಯ ತಂದುಕೊಟ್ಟು ಇಲ್ಲಿಯದನ್ನು ಒಯ್ದರು. ಮುರಿಗೆವ್ವ ಚಪ್ಪರದ ಕಂಬ ಹಿಡಿದು ನಿಂತವಳು ಕೂಡಲಿಲ್ಲ. ಕಣ್ಣಿಗೆ ಪೊರೆ ಬಂದಿದ್ದರಿಂದ ರಸ್ತೆಯ ಗಾಡಿಗಳೆಲ್ಲ ಒಂದೇ ಥರ ಕಾಣುತ್ತಿದ್ದವು. ಹನ್ನೆರಡರ ಸುಮಾರಿಗೆ ಒಂದು ಮೋಟಾರ್ ಸೈಕಲ್ ರಸ್ತೆ ಬಿಟ್ಟು ತೋಟದ ದಾರಿಗೆ ಇಳಿಯಿತು.

"ಮಾಲತೇಶನೇನವ್ವಾ ಅದು?" ಎಂದು ಕೇಳಿದಳು.

ಹೌದ್ರಿ ಎಂದಳು ಭುವನೇಶ್ವರಿ.

"ಹಿಂದ ಯಾರರೆ ಅದಾರೇನು?"

ಭುವನೇಶ್ವರಿ ಹಿಟ್ಟಿನ ಕೈಯನ್ನು ಹುಬ್ಬಿಗೆ ಹಿಡಿದು ನೋಡಿದಳು. ನಾಲ್ಕು ದಿನದ ಸಿಟ್ಟು ಅವಳ ಮುಖದಲ್ಲಿ ಇನ್ನೂ ಇತ್ತು. ಅದು ಇದ್ದ ಹಾಗೆಯೇ ದನಿ ಮೆತ್ತಗಾಯಿತು.

"ಅದಾರ್ರಿ ಅತ್ತಿ. ಹಸರ ಸೀರಿ ಉಟಗೊಂಡಾರ. ಬಟ್ಟೀ ಚೀಲಾನೂ ತಂದಾರ."

ಮುರಿಗೆವ್ವ ಕಂಬ ಬಿಟ್ಟು ಕೆಳಗೆ ಕೂತಳು. ಗಾಡಿ ಅಂಗಳದಲ್ಲಿ ನಿಂತಿತು. ಮಾಲತೇಶ ಇಳಿದು, ತಂಗಿಯ ಚೀಲವನ್ನು ತಾನೇ ಹೆಗಲಿಗೆ ಹಾಕಿಕೊಂಡು ಬಂದು, ಹಬ್ಬಕ್ಕೆ ಕರೆದು ತಂದ ಅಣ್ಣಂದಿರು ಆಡುವ ಮಾತನ್ನು ಆಡಿದ.

"ಅವ್ವಾ, ಸೌಮ್ಯಾನ್ನ ಕರಕೊಂಡ ಬಂದೇನಿ."

ಗಂಡ ಸತ್ತಾಗಲೂ ಸೆರಗಿನ ಮರೆಯಲ್ಲಿ ಅತ್ತ ಹೆಂಗಸು, ಊಟಕ್ಕೆ ಕೂತ ಗಿರಾಕಿಗಳ ಎದುರಿಗೇ ದನಿ ತೆಗೆದು ಅತ್ತಳು. ಭುವನೇಶ್ವರಿ ಒಂದು ತಂಬಿಗೆ ನೀರು ತುಂಬಿಕೊಂಡು, ನಾದಿನಿಯ ಕಾಲಿಗೆ ಹಾಕಲು ಅಂಗಳಕ್ಕೆ ಇಳಿದಳು.